ಬಣ್ಣದ ಸಾಲುಮನೆ ನೋಡಲು ಮೊದಲು ಆಚೆ ದಡಕ್ಕೆ ಹೋಗಿ

ಕೆರಿಬಿಯನ್ ಕಡಲಿನ ಕ್ಯುರಸಾವ್ ದ್ವೀಪದ ರಾಜಧಾನಿ ವಿಲ್ಲೆಮ್‌ಸ್ಟಾಡ್. ಅಲ್ಲಿ ಬಂದರಿನ ಬಾಯಲ್ಲೇ ಹಳದಿ, ನೀಲಿ, ಕೆಂಪು, ಹಸಿರು ಬಣ್ಣದ ಹಳೆಯ ಡಚ್ ಮನೆಗಳು ಮೈಗೆ ಮೈ ತಾಗಿಸಿ ನಿಂತಿವೆ. ಈ ಸಾಲಿನ ಹೆಸರು ಹಾಂಡಲ್ಸ್‌ಕಾಡೆ. ಸುಮ್ನೆ ಒಂದು ಸೆಲ್ಫಿ ತೆಗೆದು ಹೊರಡಬೇಡಿ. ಅರ್ಧ ದಿನ ಇಟ್ಟುಕೊಳ್ಳಿ.

ಮನೆಗಳಿರುವುದು ಪುಂಡಾ ದಡದಲ್ಲಿ. ನೀವು ಮೊದಲು ಎದುರಿನ ಓತ್ರೊಬಾಂಡಾಕ್ಕೆ ಹೋಗಿ. ಊರಿನ ಪಾಪಿಯಮೆಂಟು ಭಾಷೆಯಲ್ಲಿ ಹಾಗೆಂದರೆ ‘ಆಚೆ ದಡ’. ಮಧ್ಯಾಹ್ನ ಅಲ್ಲಿ ಗುಲಾಮರ ವ್ಯಾಪಾರದ ಕಥೆ ಹೇಳುವ ಕುರಾ ಹುಲಾಂಡಾ ಮ್ಯೂಸಿಯಂ ನೋಡಿ. ಯಾವ ದಿನ, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಡಚ್ಚರು 1634ರಲ್ಲಿ ಈ ದ್ವೀಪ ಹಿಡಿದರು. ಆಮೇಲೆ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಇಲ್ಲಿ ಮಾರುತ್ತಿದ್ದರು. ಗುಲಾಮಗಿರಿ ನಿಂತದ್ದು 1863ರಲ್ಲಿ. ಮ್ಯೂಸಿಯಂನಲ್ಲಿ ಆ ಗುಲಾಮರ ಸರಪಳಿಗಳನ್ನು ಕಂಡ ಮೇಲೆಯೇ ವ್ಯಾಪಾರಿಗಳ ಮನೆಗಳನ್ನು ನೋಡಬೇಕು ಎಂಬುದು ನನ್ನ ಮಾತು. ಆ ಸಂಪತ್ತಿನ ಹಿಂದೆ ಯಾರ ಬೆವರಿತ್ತು ಎಂದು ಆಗ ತಿಳಿಯುತ್ತದೆ.

ನಾಲ್ಕು ಗಂಟೆ ಮೇಲೆ ಓತ್ರೊಬಾಂಡಾದ ದಡಕ್ಕೆ ಬನ್ನಿ. ಮನೆಗಳ ಮುಖ ಪಶ್ಚಿಮಕ್ಕಿದೆ. ಬೆಳಿಗ್ಗೆ ಬಿಸಿಲು ಅವುಗಳ ಬೆನ್ನಿಗೆ ಬೀಳುತ್ತದೆ, ಫೋಟೊ ಮಂಕಾಗುತ್ತದೆ. ಸಂಜೆಯಾದರೆ ಒಂದೊಂದು ಬಣ್ಣವೂ ಹೊಳೆಯುತ್ತದೆ. ಟೋಪಿ, ನೀರು ಮರೆಯಬೇಡಿ. ಈ ಊರು ಹೆಚ್ಚೂಕಮ್ಮಿ ನಮ್ಮ ಮೈಸೂರಿನ ಅಕ್ಷಾಂಶದಲ್ಲೇ ಇದೆ, ಆದರೆ ಬಿಸಿಲು ಜಾಸ್ತಿ, ಮಳೆ ಕಡಿಮೆ.

ಮೊದಲು ಇವೆಲ್ಲ ಬಿಳಿ ಗೋಡೆಗಳಾಗಿದ್ದವು. 1817ರಲ್ಲಿ ಗವರ್ನರ್ ಆಲ್ಬರ್ಟ್ ಕಿಕ್ಕರ್ಟ್ ಬಿಳಿ ಬಣ್ಣ ಬಳಿಯಬಾರದು ಎಂದು ಆಜ್ಞೆ ಹೊರಡಿಸಿದ. ಬಿಳಿ ಗೋಡೆಗೆ ಬಿಸಿಲು ಬಡಿದು ಕಣ್ಣು ಕುಕ್ಕುತ್ತದೆ, ತಲೆನೋವು ಬರುತ್ತದೆ ಎಂಬುದು ಅವನ ದೂರು. ಬಣ್ಣದ ಅಂಗಡಿಯಲ್ಲಿ ಅವನಿಗೆ ಪಾಲಿತ್ತಂತೆ ಎಂದು ಊರಿನವರು ಇಂದಿಗೂ ಹೇಳುತ್ತಾರೆ.

ಈಗ ದಾಟುವ ಸರದಿ. ಎರಡು ದಡದ ನಡುವೆ 1888ರ ಕ್ವೀನ್ ಎಮ್ಮಾ ಸೇತುವೆ ಇದೆ. ಇದು ಸಾಲು ದೋಣಿಗಳ ಮೇಲೆ ತೇಲುವ ಸೇತುವೆ, ನಡೆಯುವವರಿಗೆ ಮಾತ್ರ. ಕಾಲ ಕೆಳಗೆ ಮೆಲ್ಲಗೆ ಅಲುಗಾಡುತ್ತದೆ. ಹಡಗು ಬಂದಾಗ ಗಂಟೆ ಬಾರಿಸುತ್ತದೆ. ಆಮೇಲೆ ಇಡೀ ಸೇತುವೆಯೇ ಬಾಗಿಲಿನಂತೆ ಪಕ್ಕಕ್ಕೆ ಸರಿಯುತ್ತದೆ. ಮೇಲಿದ್ದರೆ ಗಾಬರಿ ಬೇಡ, ಕಂಬಿ ಹಿಡಿದು ನಿಂತುಕೊಳ್ಳಿ. ಅಷ್ಟು ದೊಡ್ಡ ಹಡಗು ಅಷ್ಟು ಹತ್ತಿರದಲ್ಲಿ ಹಾದುಹೋಗುವುದನ್ನು ಮಕ್ಕಳು ಮರೆಯುವುದಿಲ್ಲ.

ಪುಂಡಾಕ್ಕೆ ಕಾಲಿಟ್ಟ ಕೂಡಲೇ ಮೂಲೆಯಲ್ಲಿ ಹಳದಿ ಬಣ್ಣದ ಪೆನ್ಹಾ ಕಟ್ಟಡ ಸಿಗುತ್ತದೆ. ಅದು 1708ರದ್ದು. ತಲೆ ಎತ್ತಿ ನೆತ್ತಿಯ ಬಳುಕುವ ಬಿಳಿ ಅಂಚುಗಳನ್ನು ನೋಡಿ. ಹಿಂದೆ ಕೆಳಗೆ ಅಂಗಡಿ, ಮೇಲೆ ಮನೆ ಇರುತ್ತಿತ್ತು. ಹಿಂದಿನ ಬೀದಿಗಳಿಗೂ ಹೋಗಿ. ಅಲ್ಲಿ 1732ರ ಯಹೂದಿ ಪ್ರಾರ್ಥನಾ ಮಂದಿರವಿದೆ, ಅದರ ನೆಲಕ್ಕೆ ಮರಳು ಹಾಸಿದ್ದಾರೆ. ಸಮಯ ಕಡಿಮೆ ಇದ್ದರೆ ಅಂಗಡಿಗಳನ್ನು ಬಿಡಿ, ಇದನ್ನು ಬಿಡಬೇಡಿ. ಆದರೆ ಒಳಗೆ ನೋಡಬೇಕಾದರೆ ಇನ್ನೊಂದು ದಿನ ಬೆಳಿಗ್ಗೆ ಬರುವುದೇ ಒಳ್ಳೆಯದು.

ಕತ್ತಲಾದ ಮೇಲೆ ಸೇತುವೆಯ ಕಮಾನುಗಳಿಗೆ ದೀಪ ಹಚ್ಚುತ್ತಾರೆ. ವಾಪಸ್ ಹೊರಟಾಗ ಸೇತುವೆ ಹಡಗಿಗಾಗಿ ಪಕ್ಕಕ್ಕೆ ಸರಿದಿದ್ದರೆ ಪುಕ್ಕಟೆ ದೋಣಿ ಇರುತ್ತದೆ. ಅದರ ಹಿಂಬದಿಯಲ್ಲಿ ನಿಲ್ಲಿ. ಆ ಮನೆಗಳೆಲ್ಲ ಆಗ ನಿಮ್ಮ ಕಣ್ಣೆದುರೇ ಇರುತ್ತವೆ.