ಪ್ರಯೋಗದ ನೋಟುಪುಸ್ತಕದಿಂದ ಮನೆತನದ ತಾರೀಖುಗಳು: ನನ್ನ ಅನುಭವ

ದಿನಚರಿಯಿಲ್ಲ, ಕಾಗದಪತ್ರವಿಲ್ಲ, ಬರೀ ಪ್ರಯೋಗದ ನೋಟುಪುಸ್ತಕ ಇಟ್ಟುಕೊಂಡು ಒಬ್ಬರ ಸಂಸಾರದ ಚರಿತ್ರೆ ಬರೆಯಲಾಗದು ಎಂದವರೇ ಹೆಚ್ಚು. ಆಗುತ್ತದೆ. ಮೈಸೂರು ಕಡೆಯಿಂದ ಹೋಗಿ ಉತ್ತರದ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದ ಸಾವಯವ ರಸಾಯನಜ್ಞರೊಬ್ಬರ ಬದುಕು ಈ ದಾರಿಯಲ್ಲೇ ಹೆಚ್ಚುಕಡಿಮೆ ತಿಂಗಳು ತಿಂಗಳಿಗೆ ಕೂಡಿ ಬಂದಿದೆ.

ಮೊದಲು ಇನಿಷಿಯಲ್ ಬಿಡಿಸಬೇಕು. ವಿಶ್ವೇಶ್ವರಯ್ಯನವರ ಎಂ ಮೋಕ್ಷಗುಂಡಂ ಎಂಬ ಊರು. ಮೈಸೂರು ಸ್ಯಾಂಡಲ್ ಸೋಪಿನ ಎಸ್. ಜಿ. ಶಾಸ್ತ್ರಿಗಳ ಎಸ್ ಸೋಸಲೆ. ಊರು ಸಿಕ್ಕರೆ ಅಲ್ಲಿಯ ಪುರೋಹಿತರ ಮನೆ ಸಿಗುತ್ತದೆ. ರಸಾಯನ ಪ್ರಬಂಧಗಳ ಸಾರಸಂಗ್ರಹವಾದ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್‌ನ ಲೇಖಕ ಸೂಚಿಯಲ್ಲಿ ಶಾಸ್ತ್ರಿ ಎಂಬ ಒಂದು ಹೆಸರನ್ನೇ ಐ ಕೊನೆ, ವೈ ಕೊನೆ, ನಡುವೆ ಎಚ್ ಇದ್ದು, ಇಲ್ಲದೆ, ನಾಲ್ಕೂ ರೀತಿ ಹುಡುಕಬೇಕು. ಪ್ರಬಂಧಗಳಲ್ಲಿ ತಿರುಳಿಗಿಂತ ಅಡಿಟಿಪ್ಪಣಿ ಮುಖ್ಯ. ‘ಈಗಿನ ವಿಳಾಸ’ ಎಂಬ ಒಂದು ಸಾಲು ವರ್ಗಾವಣೆ ಯಾವಾಗ ಆಯಿತು ಎಂದು ಹೇಳುತ್ತದೆ. 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಪತ್ರಿಕೆ, 1934ರಿಂದಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್ ಎರಡೂ ಕಾಸಿಲ್ಲದೆ ಓದಲು ಸಿಗುತ್ತವೆ. ದುಡ್ಡು ಕೊಟ್ಟು ತರಿಸುವ ಮುಂಚೆ ಅವನ್ನು ಮುಗಿಸಿ.

ಇನ್ನು ಮನೆಯವರು. ಇಂಗ್ಲಿಷ್ ತಾರೀಖು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ತಿಥಿ ಕೇಳಿದರೆ ಥಟ್ಟನೆ ಬರುತ್ತದೆ. ‘ವಿಕಾರಿ ಸಂವತ್ಸರ, ಮಾಘ ಬಹುಳ ಪಂಚಮಿ’ ಎಂದರೆ 1960ರ ಫೆಬ್ರವರಿ ನಡುಭಾಗ. ವಿಕಾರಿ ಶುರುವಾದದ್ದು 1959ರ ಯುಗಾದಿಗೆ. ಮಾಘ, ಫಾಲ್ಗುಣ ಬರುವಷ್ಟರಲ್ಲಿ ಇಸವಿ ದಾಟಿರುತ್ತದೆ. ವಂಶವೃಕ್ಷಗಳಲ್ಲಿ ಒಂದು ವರ್ಷ ಹಿಂದೆ ಬಿದ್ದ ಸಾವುಗಳಲ್ಲಿ ಬಹುಪಾಲು ಇದರಿಂದಲೇ. ಉತ್ತರದಲ್ಲಿ ಕರ್ಮ ಮಾಡಿಸಿದ್ದರೆ ಇನ್ನೊಂದು ತೊಡಕಿದೆ. ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ನಮ್ಮ ಮಾಘ ಬಹುಳ ಅವರಿಗೆ ಫಾಲ್ಗುಣ ಕೃಷ್ಣ. ಅದನ್ನು ನಮ್ಮ ಪಂಚಾಂಗಕ್ಕೆ ಹಾಗೇ ಹಾಕಿದರೆ ಮಾರ್ಚ್‌ಗೆ ಜಾರುತ್ತದೆ. ಅವರ ಸಂವತ್ಸರದ ಹೆಸರೂ ನಮ್ಮದಕ್ಕಿಂತ ಹತ್ತು ವರ್ಷಕ್ಕೂ ಮೇಲೆ ಮುಂದಿದೆ. ಅಯ್ಯಂಗಾರ್ ಮನೆಯಾದರೆ ಸೌರಮಾನವೋ ಎಂದು ಕೇಳಿಯೇ ಲೆಕ್ಕ ಹಾಕಿ.

ಹೀಗೆ ಬಂದ ದಿನವನ್ನು ನೋಟುಪುಸ್ತಕದ ಖಾಲಿ ದಿನಗಳ ಜೊತೆ ಹೊಂದಿಸುವುದೇ ನನ್ನ ವಿಧಾನ. ಅಧಿಕೃತ ಪುಸ್ತಕಗಳು ಸಂಸ್ಥೆಯ ಸ್ವತ್ತು, ಮನೆಯಲ್ಲಿ ಸಿಗುವುದು ಕಚ್ಚಾ ಪುಸ್ತಕ. ನಮಗೆ ಅದೇ ಮೇಲು. ತಂದೆ ತಾಯಿ ತೀರಿಕೊಂಡರೆ ಹದಿಮೂರು ದಿನದ ಕರ್ಮ, ರೈಲಿನ ದಿನಗಳು ಸೇರಿ ಮೂರು ವಾರದ ಹತ್ತಿರ ಪುಟ ಖಾಲಿ. ಆದರೆ ಖಾಲಿ ಇದ್ದದ್ದೆಲ್ಲ ಸೂತಕವಲ್ಲ. ಮೊದಲೇ ಗೊತ್ತಿದ್ದ ರಜೆಯಾದರೆ ಹಿಂದಿನ ಪುಟ ಅಚ್ಚುಕಟ್ಟಾಗಿ ಮುಗಿದಿರುತ್ತದೆ: ಹರಳು ಸೋಸಿ ಒಣಗಿಸಿ, ಕರಗುಬಿಂದು (ಹರಳು ಕರಗುವ ಉಷ್ಣತೆ) ನೋಡಿ, ಸೀಸೆಗೆ ನಂಬರು ಹಾಕಿದ್ದು. ಟೆಲಿಗ್ರಾಂ ಬಂದು ಎದ್ದು ಹೋದದ್ದಾದರೆ ‘ರಿಫ್ಲಕ್ಸ್, 4 ಗಂಟೆ’ (ಆವಿ ತಣಿದು ಮರಳಿ ಬೀಳುವಂತೆ ಕುದಿಸುವುದು) ಎಂದು ಬರೆದದ್ದೇ ಕೊನೆ. ಇಳುವರಿ ಇಲ್ಲ, ಕರಗುಬಿಂದು ಇಲ್ಲ. ಮರಳಿ ಬಂದ ಮೊದಲ ಸಾಲಲ್ಲಿ ‘ಟಾರ್ ಆಗಿದೆ, ಚೆಲ್ಲಿದೆ’ (ಕಪ್ಪು ಅಂಟಾಗಿ ಕೆಟ್ಟಿದೆ, ಎಸೆದೆ) ಎಂದಿರುತ್ತದೆ. ಅಂಥ ಕಡೆ ತಿಥಿಯ ಲೆಕ್ಕ ಒಂದೆರಡು ದಿನದೊಳಗೆ ಕೂಡಿದರೆ ನಂಬಬಹುದು. ನಾನು ಹೊಂದಿಸಿದವುಗಳಲ್ಲಿ ಮುಕ್ಕಾಲು ಪಾಲು ಕೂಡಿದವು. ಹೆರಿಗೆಗೆ ಮಾತ್ರ ಈ ದಾರಿ ನಡೆಯಲಿಲ್ಲ: ಬಾಣಂತನ ತವರಿನಲ್ಲಿ, ಇವರು ಬೆಂಚು ಬಿಟ್ಟು ಏಳುವುದು ನಾಮಕರಣಕ್ಕೆ, ಎಷ್ಟೋ ಸಲ ಅದಕ್ಕೂ ಇಲ್ಲ. ಮಕ್ಕಳದ್ದು ಜಾತಕದಿಂದಲೇ ತೆಗೆಯಬೇಕಾಯಿತು. ರಜೆಯಲ್ಲಿದ್ದಾಗ ಸಹಾಯಕರು ಬರೆದ ಪುಟಗಳನ್ನು ಬೇರ್ಪಡಿಸುವ ಉಪಾಯ ಒಂದಿದೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚು ಒಟ್ಟು ಹದಿನೈದು ಸಾವಿರದ ಆಸುಪಾಸು. ಅರ್ಧ ದಂಡವಾಯಿತು. ಸ್ಕ್ಯಾನ್ ಅಂಗಡಿಯವರು ಬರೀ ಕಪ್ಪು-ಬಿಳುಪಿನಲ್ಲಿ ತೆಗೆದು ಹಿನ್ನೆಲೆ ‘ಕ್ಲೀನ್’ ಮಾಡಿ ಕೊಟ್ಟರು. ಅಂಚಿನ ಪೆನ್ಸಿಲ್ ಟಿಪ್ಪಣಿ ಪೂರಾ ಮಾಯ. ರೈಲಿನ ಸಮಯ, ಮನಿಯಾರ್ಡರ್ ಲೆಕ್ಕ, ಮಗುವಿನ ಜ್ವರ, ಎಲ್ಲಾ ಇರುವುದು ಆ ಅಂಚಿನಲ್ಲೇ. ಬಣ್ಣದಲ್ಲಿ 300 ಡಿಪಿಐ, ಪೆನ್ಸಿಲ್ ಇರುವ ಪುಟಕ್ಕೆ 600, ಇಷ್ಟನ್ನು ಬರೆದುಕೊಟ್ಟೇ ಕೆಲಸ ಒಪ್ಪಿಸಿ.

ಮಾಸಿದ ಶಾಯಿಗೆ ಸುಮಾರು ಸಾವಿರ ರೂಪಾಯಿಯ 365 ನ್ಯಾನೊಮೀಟರ್ ಯುವಿ ಟಾರ್ಚ್ ಹಿಡಿದು ನೋಡಿದೆ. ಹಳೆಯ ಬ್ಲೂ-ಬ್ಲ್ಯಾಕ್ ಕಬ್ಬಿಣದ ಶಾಯಿಯಾದರೆ ಕಾಗದ ಹೊಳೆದು ಅಕ್ಷರ ಕಪ್ಪಗೆ ಏಳುತ್ತದೆ. ರಾಯಲ್ ಬ್ಲೂಗೆ ಏನೂ ಪ್ರಯೋಜನವಿಲ್ಲ. ಅಗ್ಗದ 395ರ ಟಾರ್ಚ್‌ನಲ್ಲಿ ನೇರಳೆ ಬೆಳಕೇ ಜಾಸ್ತಿ, ಅದು ಬೇಡ. ಪುಟಕ್ಕೆ ಅಂಟಿಸಿದ ಟಿಎಲ್‌ಸಿ ಪ್ಲೇಟುಗಳಲ್ಲಿ (ಮಿಶ್ರಣವನ್ನು ಬೇರ್ಪಡಿಸಿ ನೋಡುವ ಸಿಲಿಕಾ ಲೇಪದ ಪಟ್ಟಿಗಳು) ಕಲೆ ಕಾಣಿಸಲು ಹಿಡಿದ ಅಯೋಡಿನ್ ಆರಿಹೋಗಿ ಪೆನ್ಸಿಲಿನ ಸುತ್ತುಗೆರೆ ಮಾತ್ರ ಉಳಿದಿರುತ್ತದೆ; ಸೆಲೋಟೇಪ್ ಕೀಳಲು ಹೋದರೆ ಸಿಲಿಕಾ ಪುಡಿ ಉದುರುತ್ತದೆ. ಇದ್ದ ಹಾಗೇ ಫೋಟೋ ತೆಗೆಯಿರಿ.

ಪುಸ್ತಕದ ಪೆಟ್ಟಿಗೆಯ ಪಕ್ಕದಲ್ಲೇ ಸೀಸೆಗಳಿದ್ದರೆ ಮೊದಲು ಅವನ್ನು ನೋಡಿ. ಒಣಗಿದ ಪಿಕ್ರಿಕ್ ಆಮ್ಲ ಮುಚ್ಚಳದ ಸುತ್ತ ಹಳದಿ ಹರಳಾಗಿ ಕೂತಿದ್ದರೆ ಮುಚ್ಚಳ ತಿರುಗಿಸಿದರೂ ಸಿಡಿಯಬಹುದು. ಹಳೆಯ ಈಥರ್ ಸೀಸೆಯ ಪೆರಾಕ್ಸೈಡೂ ಹಾಗೆಯೇ. ಮುಟ್ಟಬೇಡಿ, ಕೋಣೆ ಮುಚ್ಚಿ ಅಗ್ನಿಶಾಮಕ ದಳದವರಿಗೆ ಹೇಳಿ. ನೋಟುಪುಸ್ತಕ ಆಮೇಲೆ ತೆಗೆದರಾಯಿತು.