ಹಳೇ 3ಜಿ ಫೋನ್ ಕೊಳ್ಳುವ ಮುಂಚೆ ಇದನ್ನು ನೋಡಿ
ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳುವವರಿಗೆ ಒಂದು ಮಾತು. 3ಜಿ ಬಂದಾಗ ಅದು ದೊಡ್ಡ ಬದಲಾವಣೆಯೇ. 2ಜಿಯಲ್ಲಿ ಒಂದು ಫೋಟೋ ತೆರೆಯಲೂ ಕಾಯಬೇಕಿತ್ತು. 3ಜಿಯಲ್ಲಿ ವಿಡಿಯೋ ಕಾಲ್ ಬಂತು, ಮಾತಾಡುತ್ತಲೇ ಇಂಟರ್ನೆಟ್ಟೂ ನಡೆಯುತ್ತಿತ್ತು. ಖಾಸಗಿ ಕಂಪನಿಗಳು ಇದಕ್ಕಾಗಿ 2010ರಲ್ಲಿ ಹರಾಜು ಕೂಗಿ ಸ್ಪೆಕ್ಟ್ರಮ್, ಅಂದರೆ ಸಿಗ್ನಲ್ ಸಾಗಿಸುವ ರೇಡಿಯೋ ತರಂಗಗಳ ಹಕ್ಕು ಕೊಂಡಿದ್ದವು.

ಈಗ ಏರ್‌ಟೆಲ್ 3ಜಿ ನಿಲ್ಲಿಸಿದೆ, ಜಿಯೋದಲ್ಲಿ ಅದು ಇರಲೇ ಇಲ್ಲ. ಹಾಗಾಗಿ 3ಜಿ ಫೋನಿಗೆ ಏರ್‌ಟೆಲ್ ಸಿಮ್ ಹಾಕಿದರೆ 2ಜಿಗೆ ಇಳಿಯುತ್ತದೆ. ಜಿಯೋ ಸಿಮ್ಮಿಗೆ ಸಿಗ್ನಲ್ಲೇ ಸಿಗಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು 4ಜಿ ಅಥವಾ ಎಲ್‌ಟಿಇ ಇದೆಯಾ ನೋಡಿ. ವಿಒಎಲ್‌ಟಿಇ, ಅಂದರೆ 4ಜಿಯಲ್ಲೇ ಮಾತಾಡುವ ಸೌಲಭ್ಯವೂ ಬೇಕೇ ಬೇಕು. ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ, ಒಂದು ಕಾಲ್ ಮಾಡಿ, ಆಮೇಲೆ ದುಡ್ಡು ಕೊಡಿ.