ವಾಷಿಂಗ್ಟನ್ನೋ ಒರೆಗಾನ್ನೋ? ರಾಜ್ಯ ಬಿಡಿ, ವಿಳಾಸ ಹೋಲಿಸಿ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ (ರಾಜಧಾನಿ ವಾಷಿಂಗ್ಟನ್ ಡಿ.ಸಿ. ಅಲ್ಲ) ಮನೆ ಮಾಡೋಣವೋ, ಒರೆಗಾನ್ ರಾಜ್ಯದಲ್ಲೋ ಅಂತ ಯೋಚಿಸುವವರಿಗೆ ಈ ಬರಹ. ವಾಷಿಂಗ್ಟನ್ನಿನಲ್ಲಿ ನಮ್ಮಂಥವರ ಸಂಬಳಕ್ಕೆ ರಾಜ್ಯದ ಆದಾಯ ತೆರಿಗೆ ಇಲ್ಲ. ಪಕ್ಕದ ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಅಂದ್ಮೇಲೆ ಮನೆ ವಾಷಿಂಗ್ಟನ್ ಕಡೆ, ಶಾಪಿಂಗ್ ಒರೆಗಾನ್ ಕಡೆ ಇಟ್ಟುಕೊಂಡರೆ ಆಯ್ತಲ್ವಾ? ಎಲ್ಲರಿಗೂ ಮೊದಲು ಹೊಳೆಯುವುದೇ ಇದು. ಇಲ್ಲಿ ಎರಡೂ ರಾಜ್ಯಗಳ ಗಡಿಯಾಗಿ ಹರಿಯುವ ಕೊಲಂಬಿಯಾ ನದಿಯ ಉತ್ತರ ದಡದಲ್ಲಿ ವ್ಯಾಂಕೂವರ್ (ಕೆನಡಾದ್ದಲ್ಲ, ವಾಷಿಂಗ್ಟನ್ನಿನದು), ದಕ್ಷಿಣ ದಡದಲ್ಲಿ ಒರೆಗಾನ್ನಿನ ಪೋರ್ಟ್‌ಲ್ಯಾಂಡ್.

ನನ್ನ ಪರಿಚಯದವರೊಬ್ಬರು ಹೀಗೇ ಲೆಕ್ಕ ಹಾಕಿ ವ್ಯಾಂಕೂವರ್‌ನಲ್ಲಿ ಮನೆ ಮಾಡಿದರು. ಆಫೀಸು ಮಾತ್ರ ಪೋರ್ಟ್‌ಲ್ಯಾಂಡ್‌ನಲ್ಲಿ. ಮೊದಲ ಪೇಸ್ಲಿಪ್ ನೋಡಿದರೆ ಒರೆಗಾನ್ ತೆರಿಗೆ ಸಲೀಸಾಗಿ ಕಟ್ ಆಗಿತ್ತು! ನೀವು ಎಲ್ಲಿ ಮಲಗುತ್ತೀರಿ ಅನ್ನುವುದು ಒರೆಗಾನ್‌ಗೆ ಬೇಕಿಲ್ಲ, ಕೆಲಸ ಎಲ್ಲಿ ಮಾಡಿದಿರಿ ಅನ್ನುವುದೇ ಮುಖ್ಯ. ವಾರಕ್ಕೆ ಎರಡು ದಿನ ವ್ಯಾಂಕೂವರ್‌ನ ಮನೆಯಿಂದಲೇ ಕೆಲಸ ಮಾಡಿದರೆ ಆ ಎರಡು ದಿನದ ಸಂಬಳಕ್ಕೆ ಒರೆಗಾನ್ ತೆರಿಗೆ ಬೀಳುವುದಿಲ್ಲ, ಆದ್ದರಿಂದ ದಿನಗಳ ಲೆಕ್ಕ ಬರೆದಿಡಿ.

ಹಾಗಾಗಿ ಮೊದಲ ಕೆಲಸ, ಪೇಸ್ಲಿಪ್ ಮುಂದಿಟ್ಟುಕೊಂಡು ಕೂರುವುದು. ವರ್ಷಕ್ಕೆ 1,20,000 ಡಾಲರ್ ದುಡಿಯುವ ಒಂಟಿ ವ್ಯಕ್ತಿಗೆ ಒರೆಗಾನ್ ತೆರಿಗೆ ಸುಮಾರು 9 ಸಾವಿರ ಡಾಲರ್ ಆಗುತ್ತದೆ. ಅಲ್ಲಿ ದೊಡ್ಡ ಸಂಬಳದವರಿಗಷ್ಟೇ ಜಾಸ್ತಿ ದರ ಅಂದುಕೊಳ್ಳಬೇಡಿ, ಸಾಧಾರಣ ಸಂಬಳಕ್ಕೇ 8.75% ದರ ಶುರುವಾಗುತ್ತದೆ. ಈಗ ವಾಷಿಂಗ್ಟನ್ ಕಡೆಯ ಲೆಕ್ಕ. ವ್ಯಾಂಕೂವರ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 9%ರ ಹತ್ತಿರ, ಅಡುಗೆ ದಿನಸಿಗೆ ಮಾತ್ರ ಇಲ್ಲ. ಉಳಿದ ಖರೀದಿ ವರ್ಷಕ್ಕೆ 20 ಸಾವಿರ ಅಂದರೆ ತೆರಿಗೆ 1,800. ಜೊತೆಗೆ ವೃದ್ಧಾಪ್ಯದ ಆರೈಕೆಗೆ ಅಂತ 2023ರಿಂದ ಸಂಬಳದಲ್ಲಿ 0.58% ಹಿಡಿಯುತ್ತಾರೆ. ಒರೆಗಾನ್‌ಗೆ ಹೋಗಿ ಕಾರು ತಂದು ಟ್ಯಾಕ್ಸ್ ಉಳಿಸೋಣ ಅಂದರೆ ಅದೂ ಆಗಲ್ಲ, ವಾಷಿಂಗ್ಟನ್‌ನಲ್ಲಿ ನೋಂದಣಿ ಮಾಡಿಸುವಾಗ ಯೂಸ್ ಟ್ಯಾಕ್ಸ್ (ಸೇಲ್ಸ್ ಟ್ಯಾಕ್ಸ್ ಕೊಡದೆ ಹೊರಗಿಂದ ತಂದು ಬಳಸುವ ವಸ್ತುವಿನ ಮೇಲಿನ ತೆರಿಗೆ) ವಸೂಲಿ ಮಾಡುತ್ತಾರೆ.

ಮನೆ ಕೊಳ್ಳುವವರು ರಾಜ್ಯದ ಸರಾಸರಿ ಆಸ್ತಿ ತೆರಿಗೆ ನೋಡಿ ಮೋಸಹೋಗಬೇಡಿ. ಒರೆಗಾನ್‌ನಲ್ಲಿ 1997ರ ಕಾನೂನಿನ ಪ್ರಕಾರ ತೆರಿಗೆಗೆ ಹಿಡಿಯುವ ಬೆಲೆ ಸಾಮಾನ್ಯವಾಗಿ ವರ್ಷಕ್ಕೆ 3%ಗಿಂತ ಹೆಚ್ಚು ಏರುವಂತಿಲ್ಲ. ಅದಕ್ಕೇ ಒಂದೇ ಬೆಲೆಯ ಎರಡು ಮನೆಗಳಿಗೆ ಬೇರೆ ಬೇರೆ ಬಿಲ್ ಬರಬಹುದು. ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿ, ಆ ಮನೆಯ ಬಿಲ್ಲನ್ನೇ ತೆಗೆದು ನೋಡಿ.

ಹವಾಮಾನದಲ್ಲೂ ಇದೇ ಕಥೆ. ಎರಡೂ ರಾಜ್ಯಗಳ ಒಳಗೆ ಕ್ಯಾಸ್ಕೇಡ್ ಬೆಟ್ಟಸಾಲು ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೂ ಹಾದುಹೋಗುತ್ತದೆ. ಪಶ್ಚಿಮಕ್ಕೆ ಜಿಟಿಜಿಟಿ ಮಳೆ, ಪೂರ್ವಕ್ಕೆ ಒಣಭೂಮಿ. ಪಶ್ಚಿಮದ ಸಿಯಾಟಲ್ ಮತ್ತು ಪೂರ್ವದ ಸ್ಪೋಕೇನ್ ಎರಡೂ ವಾಷಿಂಗ್ಟನ್ ರಾಜ್ಯದಲ್ಲೇ ಇದ್ದರೂ ಸ್ಪೋಕೇನ್‌ನಲ್ಲಿ ಬೀಳುವ ಮಳೆ ಸಿಯಾಟಲ್ಲಿನ ಅರ್ಧದಷ್ಟೂ ಇಲ್ಲ. ಮಳೆಗಾಲ ಒಂದೇ ನೋಡಬೇಡಿ. 2021ರ ಜೂನ್ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ಬಿಸಿಲು 116 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಎಷ್ಟೋ ಮನೆಗಳಲ್ಲಿ ಎಸಿಯೇ ಇರಲಿಲ್ಲ. ಬಾಡಿಗೆ ಮನೆ ನೋಡುವಾಗ ಎಸಿ ಇದೆಯಾ, ಕಾಳ್ಗಿಚ್ಚಿನ ಹೊಗೆ ಬಂದರೆ ಕಿಟಕಿ ಸರಿಯಾಗಿ ಮುಚ್ಚುತ್ತದಾ ಅಂತ ಕೇಳಿ. ನಾಚಿಕೆ ಬೇಡ.

ಇನ್ನು ಓಡಾಟ. ವ್ಯಾಂಕೂವರ್, ಪೋರ್ಟ್‌ಲ್ಯಾಂಡ್ ಎರಡೂ ಊರನ್ನು ಜೋಡಿಸುವ ಐ-5 ಹೆದ್ದಾರಿ ಸೇತುವೆಯ ಒಂದು ಭಾಗ 1917ರದ್ದು. ದೊಡ್ಡ ಹಡಗು ಬಂದರೆ ಸೇತುವೆಯೇ ಮೇಲೇಳುತ್ತದೆ, ವಾಹನಗಳೆಲ್ಲ ಸುಮ್ನೆ ನಿಲ್ಲಬೇಕು. ವಾರದ ದಿನಗಳ ಪೀಕ್ ಅವರ್‌ನಲ್ಲಿ ಸಾಮಾನ್ಯವಾಗಿ ಎತ್ತುವುದಿಲ್ಲ, ಆಗ ನಿಲ್ಲಿಸೋಕೆ ಟ್ರಾಫಿಕ್ಕೇ ಸಾಕು. ಮ್ಯಾಪ್‌ನಲ್ಲಿ ಭಾನುವಾರ ಮಧ್ಯಾಹ್ನದ ಸಮಯ ನೋಡಿ ಖುಷಿಪಡಬೇಡಿ, ಮಂಗಳವಾರ ಬೆಳಿಗ್ಗೆ ಏಳೂವರೆಗೆ ಹಾಕಿ ನೋಡಿ.

ಆಮೇಲೆ ಸಾಧ್ಯವಾದರೆ ಡಿಸೆಂಬರ್‌ನಲ್ಲೇ ಒಂದು ವಾರ ಹೋಗಿ ಇದ್ದು ಬನ್ನಿ. ಜುಲೈನಲ್ಲಿ ಯಾರಿಗಾದರೂ ಆ ಊರು ಇಷ್ಟವಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಮೇಲಿಂದ ತುಂತುರು. ಆ ಹೊತ್ತಲ್ಲಿ ನೀವು ಬಾಡಿಗೆಗೆ ಹಿಡಿಯಬೇಕು ಅಂದುಕೊಂಡ ಬೀದಿಯಲ್ಲಿ ಒಮ್ಮೆ ನಡೆದು ನೋಡಿ.